ಊರ ಹೊರಗಿನ ಒಲೆ

ಬನದ ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ನೀವು ಎಂದಾದರೂ ಪ್ರಯಾಣ ಮಾಡಿದ್ದರೆ ಒಂದು ದೃಶ್ಯವನ್ನು ಖಂಡಿತವಾಗಿಯೂ ಮರೆತಿರಲಾರಿರಿ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕುಟುಂಬಗಳು ಸಾಲುಸಾಲಾಗಿ ಸಾಗುತ್ತಿರುತ್ತವೆ. ನನ್ನ ಬಾಲ್ಯದಲ್ಲಿ ಅವರು ಹೆಚ್ಚಾಗಿ ಎತ್ತಿನ ಬಂಡಿಗಳಲ್ಲಿ ಹೋಗುತ್ತಿದ್ದರು. ಇಂದು ಟ್ರ್ಯಾಕ್ಟರುಗಳಲ್ಲಿ, ಜೀಪುಗಳಲ್ಲಿ, ಸಾರಿಗೆ ಬಸ್ಸುಗಳಲ್ಲಿ ಹೋಗುತ್ತಾರೆ. ವಾಹನ ಬದಲಾಗಿದೆ, ಆದರೆ ಅದರೊಳಗಿನ ಸಾಮಾನು ಅಷ್ಟಾಗಿ ಬದಲಾಗಿಲ್ಲ. ಜೋಳದ ಹಿಟ್ಟಿನ ಚೀಲ, ಬೇಳೆ ಬೆಲ್ಲದ ಗಂಟು, ಖಾರದ ಡಬ್ಬಿ, ಪರಾತ, ಹಂಚು, ಬೋಗುಣಿ, ನೀರಿನ ಕೊಡ. ಗುಡ್ಡ ತಲುಪಿದೊಡನೆ ಬಯಲಿನಲ್ಲಿ ಜಾಗ ಹಿಡಿದು, ಮೂರು ಕಲ್ಲು ಹೂಡಿ, ಅವರು ಮನೆಯನ್ನೇ ಅಲ್ಲಿ ನಿರ್ಮಿಸಿಬಿಡುತ್ತಾರೆ. ಹೋಳಿಗೆ, ಕಡುಬು, ಅನ್ನ, ಪಲ್ಯಗಳನ್ನು ಮಾಡಿ ಪಡ್ಡಲಗಿ ತುಂಬಿ, ದೇವಿಗೆ ಅರ್ಪಿಸಿ, ಆನಂತರ ಎಲ್ಲರೂ ಕೂಡಿ ಉಣ್ಣುತ್ತಾರೆ.

ಅವರ ಆರಾಧನೆಯ ಮಾರ್ಗ ಬೇರೆ, ನಮ್ಮದು ಬೇರೆ. ಆದರೆ ಊರ ಹೊರಗೆ ಒಲೆ ಹೂಡುವ ಈ ಪದ್ಧತಿ ನಮ್ಮ ನಾಡಿನ ಎಲ್ಲರ ಸ್ವತ್ತು. ಸೀಗಿ ಹುಣ್ಣಿಮೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವವರು ನಾವು. ಸೊಗಲದ ಜಲಪಾತಕ್ಕೆ, ನವಿಲುತೀರ್ಥದ ಅಣೆಕಟ್ಟೆಗೆ, ರಾಮದುರ್ಗ ತಾಲ್ಲೂಕಿನ ಗೊಡಚಿಯ ಜಾತ್ರೆಗೆ, ಅಕ್ಟೋಬರ್ ತಿಂಗಳಿನ ಕಿತ್ತೂರು ಉತ್ಸವಕ್ಕೆ, ಎಲ್ಲಿಗೇ ಹೊರಟರೂ ಮೊದಲು ಸಿದ್ಧವಾಗುವುದು ಬುತ್ತಿಯ ಗಂಟು. ಪ್ರವಾಸವೆಂದರೆ ಹೋಟೆಲಿನ ಊಟ ಎಂಬ ಕಲ್ಪನೆ ನಮ್ಮಲ್ಲಿ ತೀರ ಇತ್ತೀಚಿನದು.

ಇದೆಲ್ಲವನ್ನೂ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಆದರೆ ಹೆಮ್ಮೆಯ ಜೊತೆಗೆ ಒಂದು ಪ್ರಶ್ನೆಯೂ ನನ್ನನ್ನು ಕಾಡುತ್ತಿದೆ. ಆ ಮೂರು ಕಲ್ಲಿನ ಒಲೆಯ ಮುಂದೆ ಕುಳಿತಿರುವವರು ಯಾರು? 2023ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ತವರು ಬಿಟ್ಟರೆ ಬೇರೆ ಊರನ್ನೇ ಕಾಣದಿದ್ದ ಎಷ್ಟೋ ತಾಯಂದಿರು ಗುಡ್ಡವನ್ನು ಕಂಡರು, ಸಮುದ್ರವನ್ನು ಕಂಡರು. ಸಂತೋಷ. ಟಿಕೇಟೇನೋ ಮನ್ನಾ ಆಯಿತು, ಒಲೆಯ ಚಾಕರಿ ಮಾತ್ರ ಮನ್ನಾ ಆಗಲಿಲ್ಲ. ಮನೆಯಲ್ಲಿ ಬೇಯಿಸಿದವಳೇ ಗುಡ್ಡದಲ್ಲಿಯೂ ಬೇಯಿಸುತ್ತಾಳೆ. ಮನೆಯಲ್ಲಿ ಕೊನೆಗೆ ಉಂಡವಳೇ ಅಲ್ಲಿಯೂ ಕೊನೆಗೆ ಉಣ್ಣುತ್ತಾಳೆ.

ಈ ಪ್ರಶ್ನೆಯನ್ನು ಎತ್ತುವ ಅರ್ಹತೆ ನನಗೂ ಇರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗುರುಮಠದ ಶಿಕ್ಷಣದ ವರ್ಷಗಳಲ್ಲಿ ಗಂಟೆ ಬಾರಿಸಿದರೆ ಊಟ ಸಿದ್ಧವಾಗಿರುತ್ತಿತ್ತು. ಗುರುವಾದ ಮೇಲೆ ಧರ್ಮಕೇಂದ್ರಗಳಲ್ಲಿ ಅಡಿಗೆಯವರು ಇದ್ದರು. ಸಹಭೋಜನದ ಮಹಿಮೆಯನ್ನು ಕುರಿತು ಸುಮಾರು ಇಪ್ಪತ್ತೈದು ವರ್ಷ ಪ್ರಬೋಧನೆ ಮಾಡಿದ ನಾನು ಒಂದು ದಿನವೂ ಒಲೆಯ ಮುಂದೆ ನಿಂತವನಲ್ಲ. ಆ ಪಾಠ ನನಗೆ ದೊರೆತದ್ದು 2024ರ ಡಿಸೆಂಬರಿನಲ್ಲಿ, ಗೋವಾದ ಒಂದು ಬಾಡಿಗೆ ಮನೆಯಲ್ಲಿ.

ಆ ವರ್ಷ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳ ಸಾರ್ವಜನಿಕ ದರ್ಶನ ನಡೆಯಿತು. ಹತ್ತು ವರ್ಷಕ್ಕೊಮ್ಮೆ ಒದಗುವ ಅವಕಾಶ. ನಮ್ಮ ಅವ್ವ 1994ರ ದರ್ಶನಕ್ಕೆ ಅಪ್ಪನೊಡನೆ ಹೋಗಿದ್ದರು. ಸಾಯುವ ಮೊದಲು ಇನ್ನೊಮ್ಮೆ ನೋಡಬೇಕು, ಎಲ್ಲ ಮಕ್ಕಳೂ ಜೊತೆಗಿರಬೇಕು ಎಂಬುದು ಅವರ ಹಠ. ಇದರಲ್ಲಿ ಎರಡನೆಯ ಮಾತು ಕಷ್ಟದ್ದಾಗಿತ್ತು. 2009ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹೊಲದ ಬದುವಿನ ಜಗಳದಲ್ಲಿ ನನ್ನ ಅಣ್ಣನೂ ತಮ್ಮನೂ ಬೇರೆಯಾಗಿದ್ದರು. ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಯ ಮನೆಯ ಪಡಸಾಲೆಯ ನಡುವೆ ಗೋಡೆ ಎದ್ದಿತ್ತು, ಒಲೆಗಳು ಎರಡಾಗಿದ್ದವು. ಹದಿನೈದು ವರ್ಷ ಅವರು ಒಂದು ಪಂಕ್ತಿಯಲ್ಲಿ ಕುಳಿತು ಉಂಡಿರಲಿಲ್ಲ. ಗುರುವಾದ ನಾನು ಊರವರ ಜಗಳಗಳನ್ನು ಬಗೆಹರಿಸುತ್ತಿದ್ದೆ. ನನ್ನ ಮನೆಯದು ಬಗೆಹರಿದಿರಲಿಲ್ಲ.

ಅವ್ವನ ಸಲುವಾಗಿ ಇಬ್ಬರೂ ಒಪ್ಪಿದರು. ಅವ್ವ, ಅಣ್ಣ, ತಮ್ಮ, ಅವರ ಹೆಂಡಂದಿರು, ಐದು ಮಂದಿ ಮಕ್ಕಳು, ನಾನು, ಒಟ್ಟು ಹನ್ನೊಂದು ಜನ ಒಂದೇ ಕ್ರೂಸರ್ ಗಾಡಿಯಲ್ಲಿ ಹೊರಟೆವು. ಎರಡು ದಿನಕ್ಕೆಂದು ಹಿಡಿದಿದ್ದ ಮನೆಯಲ್ಲಿ ಅಡಿಗೆಮನೆ ಇತ್ತು. ಎರಡು ಉರಿಯ ಗ್ಯಾಸ್ ಒಲೆ, ಒಂದು ಕುಕ್ಕರ್, ಎರಡು ಬೋಗುಣಿ, ಒಂದು ಹಂಚು, ಒಂದು ಮೊಂಡ ಚಾಕು. ಅಷ್ಟೇ. ಬೇರೆ ಬೇರೆ ಒಲೆಯ ಒಡತಿಯರಾಗಿದ್ದ ನಮ್ಮ ವೈನಿ ಮತ್ತು ತಮ್ಮನ ಹೆಂಡತಿ ಆ ಅಡಿಗೆಮನೆಯ ಬಾಗಿಲಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡದೆ ನಿಂತರು. ಹೋಟೆಲಿಗೆ ಹೋಗೋಣ ಎಂದ ಅಣ್ಣ. ಹನ್ನೊಂದು ಜನರ ಹೊತ್ತು ಹೊತ್ತಿನ ಹೋಟೆಲ್ ಖರ್ಚು ಸಣ್ಣದಲ್ಲ, ಅವ್ವನಿಗೆ ಹೊರಗಿನ ಊಟ ಒಗ್ಗುವುದೂ ಇಲ್ಲ.

ಆಗ ತಮ್ಮನ ಹೆಂಡತಿ ಮೆಲ್ಲಗೆ ಅಂದಳು: “ನಾವೂ ಯಾತ್ರಾಕ್ಕ ಬಂದೇವ್ರಿ. ಇಲ್ಲಿ ಮತ್ತ ಒಲಿ ಕಾಯಾಕ ಬಂದಿಲ್ಲ.”

ವೈನಿ ಏನೂ ಅನ್ನಲಿಲ್ಲ. ಆದರೆ ಹೋಗಿ ಅವಳ ಪಕ್ಕದಲ್ಲಿ ನಿಂತರು. ಗೋಡೆ ಎದ್ದ ಮೇಲೆ ಅವರಿಬ್ಬರೂ ಒಂದೇ ಕಡೆ ನಿಂತದ್ದನ್ನು ನಾನು ಅಂದೇ ಮೊದಲು ಕಂಡೆ. ಅವ್ವ ಮಂಚದ ಮೇಲಿನಿಂದಲೇ ತೀರ್ಪು ಕೊಟ್ಟರು: “ಹಂಗಾದ್ರ ಗಂಡಸರು ಮಾಡ್ರಿ. ಸ್ವಾಮ್ಯಾರೂ ಮಾಡ್ಲಿ.”

ಮೊದಲ ರಾತ್ರಿ ಅಣ್ಣನ ಸರದಿ. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ, ಏಳೆಂಟು ಪಾಲು ನೀರು, ಅರಿಸಿನ, ಜೀರಿಗೆ, ಉಪ್ಪು. ಹೆಸರುಬೇಳೆಯನ್ನು ನೆನೆಹಾಕುವ ಅಗತ್ಯವಿಲ್ಲ, ಬೇಗ ಬೇಯುತ್ತದೆ, ವಯಸ್ಸಾದವರಿಗೂ ಹಗುರ. ಕುಕ್ಕರ್ ಸಣ್ಣದಾದ್ದರಿಂದ ಎರಡು ಸಲ ಏರಿಸಬೇಕಾಯಿತು. ತಮ್ಮ ಉಳ್ಳಾಗಡ್ಡಿ ಹೆಚ್ಚಿದ. ಮೊಂಡ ಚಾಕು, ಕಣ್ಣಲ್ಲಿ ನೀರು. ನೀರು ಉಳ್ಳಾಗಡ್ಡಿಯದೋ ಮತ್ತೇನದೋ ನಾನು ಕೇಳಲಿಲ್ಲ. ಒಂದು ಒಲೆಗೆ ಇಬ್ಬರು ನಿಂತಾಗ “ಉಪ್ಪು ಕೊಡು”, “ಉರಿ ಸಣ್ಣ ಮಾಡು” ಎಂದಾದರೂ ಮಾತಾಡಲೇಬೇಕಾಗುತ್ತದೆ. ಅವರ ಹದಿನೈದು ವರ್ಷದ ಮೌನ ಮುರಿದದ್ದು ಇಂತಹ ಮಾತುಗಳಿಂದಲೇ ಹೊರತು ನನ್ನ ಉಪದೇಶದಿಂದಲ್ಲ.

ಮರುದಿನ ಮುಂಜಾನೆ ಮಕ್ಕಳು ಸುಸಲಾ ಮಾಡಿದರು. ಚುರುಮುರಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಒಗ್ಗರಣೆಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿದರೆ ಮುಗಿಯಿತು. ಚುರುಮುರಿ ಒಯ್ಯಲು ಹಗುರ. ಹತ್ತು ನಿಮಿಷದ ಕೆಲಸ. ಮಧ್ಯಾಹ್ನ ದರ್ಶನದ ಸಾಲಿನಿಂದ ಮರಳಿದ ಮೇಲೆ ನನ್ನ ಸರದಿ ಬಂತು: ಝುಣಕ. ಕುದಿಯುವ ನೀರಿಗೆ ಕಡಲೆಹಿಟ್ಟನ್ನು ಒಮ್ಮೆಲೇ ಸುರಿದೆ. ಹಿಟ್ಟೆಲ್ಲ ಗಂಟುಗಂಟಾಯಿತು. “ಫಾದರ್ ಕಾಕಾ, ಇದು ಝುಣಕನೋ ಭಜಿಯೋ?” ಎಂದಳು ತಮ್ಮನ ಮಗಳು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಂಡು ಆಮೇಲೆ ಒಗ್ಗರಣೆಗೆ ಹೊಯ್ಯಬೇಕಂತೆ. ವೈನಿ ಬಾಗಿಲಲ್ಲಿ ನಿಂತು ನಗುತ್ತ ಹೇಳಿಕೊಟ್ಟರು, ಕೈ ಮಾತ್ರ ಹಚ್ಚಲಿಲ್ಲ. ಜೊತೆಗೆ ಊರಿಂದ ಅರಿವೆಯಲ್ಲಿ ಸುತ್ತಿ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ನೀರಿನ ಅಂಶ ಆರಿರುವ ಕಡಕ್ ರೊಟ್ಟಿ ಎಷ್ಟೋ ದಿನ ಕೆಡುವುದಿಲ್ಲ. ಹಲ್ಲಿಲ್ಲದವರಿಗಾಗಿ ಅದಕ್ಕೆ ತುಸು ನೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ.

ಮೊದಲ ತಾಟನ್ನು ಅವ್ವನ ಮುಂದೆ ಇಟ್ಟೆ. ಅವರು ಸುತ್ತ ನೋಡಿದರು. “ನೀವೆಲ್ಲಾರೂ ಉಣ್ರಿ, ನಾ ಆಮ್ಯಾಲ ಉಣ್ತೇನಿ” ಎಂದರು, ಅಭ್ಯಾಸಬಲದಿಂದ. ಯಾರೂ ಕದಲಲಿಲ್ಲ. ಕೊನೆಗೆ ಒಂದು ತುತ್ತು ಬಾಯಿಗಿಟ್ಟುಕೊಂಡರು. ಝುಣಕದ ರುಚಿಯ ಬಗ್ಗೆ ಅವರು ಏನೂ ಹೇಳಲಿಲ್ಲ. “ಬಿಸಿ ಐತಿ” ಎಂದರು, ಅಷ್ಟೇ.

ಪ್ರಿಯ ಓದುಗರೇ, ಆ ಎರಡು ಪದಗಳ ಮುಂದೆ ನನ್ನ ಪ್ರಬೋಧನೆಗಳೆಲ್ಲ ಸಣ್ಣವಾಗಿ ಕಂಡವು. ಅರವತ್ತು ವರ್ಷ ಎಲ್ಲರಿಗೂ ಬಿಸಿಬಿಸಿಯಾಗಿ ಬಡಿಸಿದ ತಾಯಿ ತಾನು ಮಾತ್ರ ಆರಿದ ಅನ್ನವನ್ನೇ ಉಂಡಿದ್ದಳೆಂಬುದು ಅವಳ ಹೊಟ್ಟೆಯಲ್ಲಿ ಹುಟ್ಟಿದ ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಪುನರುತ್ಥಾನದ ನಂತರ ಪ್ರಭು ಯೇಸು ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸಿದ್ಧಪಡಿಸಿ, ದಣಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದ ಪ್ರಸಂಗವನ್ನು ಸಂತ ಯೊವಾನ್ನರು ಬರೆದಿದ್ದಾರೆ. ಅದನ್ನು ಎಷ್ಟೋ ಬಾರಿ ಪೀಠದಿಂದ ಓದಿದ್ದೇನೆ. ಮರಣವನ್ನು ಜಯಿಸಿದವನು ತನ್ನ ಕೈಯಿಂದಲೇ ಒಲೆ ಹೊತ್ತಿಸಿದ್ದನೆಂಬ ಅಂಶ ನನಗೆ ತಟ್ಟಿದ್ದು ಗಂಟುಗಟ್ಟಿದ ಝುಣಕದ ಬೋಗುಣಿಯ ಮುಂದೆ.

ಆದುದರಿಂದ ಈ ರಜೆಯಲ್ಲಿ ವೇಲಾಂಗಣ್ಣಿಗೋ ಗೋವಾಕ್ಕೋ ಸಮುದ್ರ ತೀರಕ್ಕೋ ಹೊರಟು, ಅಡಿಗೆಮನೆಯಿರುವ ಕೋಣೆ ಹಿಡಿಯುವವರಿಗೆ ಕೆಲವು ಮಾತುಗಳನ್ನು ವಿನಂತಿಪೂರ್ವಕವಾಗಿ ಹೇಳಬಯಸುತ್ತೇನೆ. ಹೊರಡುವ ಮುನ್ನವೇ ಯಾವ ಹೊತ್ತಿಗೆ ಯಾರು ಬೇಯಿಸಬೇಕು, ಯಾರು ಪಾತ್ರೆ ತೊಳೆಯಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳಿರಿ. ಅಲ್ಲಿಗೆ ಹೋದ ಮೇಲೆ ನಿಶ್ಚಯಿಸಿದರೆ ಕೆಲಸ ಮತ್ತೆ ತಾಯಿಯ ಮೇಲೆಯೇ ಬೀಳುತ್ತದೆ. ಹೊತ್ತಿಗೆ ಒಂದೇ ಬಿಸಿ ಅಡಿಗೆ ಸಾಕು. ಉಳಿದದ್ದು ರೊಟ್ಟಿ, ಚಟ್ನಿ, ಮೊಸರು. ಹೋಳಿಗೆಯನ್ನು ಹಬ್ಬಕ್ಕೆ ಬಿಡಿ. ಸಿಹಿ ಬೇಕೆಂದರೆ ಮನೆಯಿಂದಲೇ ಮಾದಲಿ ಒಯ್ಯಿರಿ. ಹರಿತವಾದ ಒಂದು ಚಾಕು, ಸಾಸಿವೆ ಜೀರಿಗೆಯ ಡಬ್ಬಿ, ಒಂದು ಬೆಂಕಿಪೆಟ್ಟಿಗೆ ಜೊತೆಗಿರಲಿ. ಆದರೆ ರೈಲಿನಲ್ಲಿ ಗ್ಯಾಸ್ ಸಿಲಿಂಡರನ್ನಾಗಲಿ ಸ್ಟವ್ ಅನ್ನಾಗಲಿ ಎಂದಿಗೂ ಒಯ್ಯಬೇಡಿರಿ. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯೊಂದರಲ್ಲಿ ಹೀಗೆ ಗುಟ್ಟಾಗಿ ಒಯ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಜನ ಅಸುನೀಗಿದರು. ಒಂದು ಬಟ್ಟಲು ಚಹಾ ಅಷ್ಟು ದುಬಾರಿಯಾಗಬಾರದು.

ನಮ್ಮ ಮನೆಯ ನಡುವಿನ ಗೋಡೆ ಬಿದ್ದುಹೋಯಿತೇ ಎಂದು ನೀವು ಕೇಳಬಹುದು. ಇಲ್ಲ, ಅದು ಇನ್ನೂ ನಿಂತಿದೆ. ಬದುವಿನ ಅಳತೆಯೂ ಮುಗಿದಿಲ್ಲ. ಆದರೆ 2025ರ ಕಾರಹುಣ್ಣಿಮೆಯಂದು ನಾನು ಊರಿಗೆ ಹೋದಾಗ ಅಂಗಳದಲ್ಲಿ ಒಂದೇ ಚಾಪೆ ಹಾಸಿತ್ತು, ಎರಡೂ ಒಲೆಗಳ ಅಡಿಗೆ ಅದರ ಮೇಲೆ ಬಂದಿತ್ತು. ತಮ್ಮ ಝುಣಕ ಮಾಡಿದ್ದ, ಗಂಟಿರಲಿಲ್ಲ. ಮೊದಲ ತಾಟು ಯಾರ ಮುಂದೆ ಇಡಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಈ ಸಲ ಊರ ಹೊರಗೆ ಒಲೆ ಹೊತ್ತಿಸಿದಾಗ, ದಯವಿಟ್ಟು ಅವರನ್ನು ಮೊದಲು ಕೂಡ್ರಿಸಿರಿ.