ಕ್ಲಚ್ಚು, ಟಿಕಳಿ ಮತ್ತ ನನ್ನ ಎಡಗಾಲು

ನಮ್ಮ ಮನ್ಯಾಗ ಗಾಡಿ ಹೊಡಿಯಾಕಿ ನಾನು. ನಮ್ಮವರು ವಾರಪೂರ್ತಿ ಬೆಳಗಾವ್ಯಾಗ ಇರ್ತಾರ, ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೋಗಿಬಿಡ್ತಾರ. ಅತ್ತಿಯವರಿಗೆ 2 ವರ್ಷದಿಂದ ಡಯಾಲಿಸಿಸ್ ನಡದದ. ಮಂಗಳವಾರ, ಗುರುವಾರ, ಶನಿವಾರ, ಒಂದೊಂದು ಸಲಕ್ಕ 4 ತಾಸು. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಚಿಗರಿ ಬಸ್ಸು ಚೊಲೋನ ಅದ, ನಾನೂ ಒಬ್ಬಾಕಿ ಇದ್ರ ಅದರಾಗ ಹೋಗ್ತೇನಿ. ಆದ್ರ ಡಯಾಲಿಸಿಸ್ ಮುಗದು ಹೊರಗ ಬಂದಾಗ ಅತ್ತಿಯವರಿಗೆ ಬಿಪಿ ಇಳದು ಕಣ್ಣಿಗೆ ಕತ್ತಲಿ ಬಂದಿರ್ತದ, ಹಿಂದಿನ ಸೀಟಿನ್ಯಾಗ ಮಲಗಿಸಿಕೊಂಡ ಬರಬೇಕು. ಹಿಂಗಾಗಿ ನಮ್ಮ ಹಳೇ ಡೀಸೆಲ್ ಗಾಡಿ ನಮಗ ಶೋಕಿ ಅಲ್ರಿ, ಅದೂ ಅವರ ಗುಳಿಗಿ ಡಬ್ಬಿ ಇದ್ದಂಗ.

ಗಾಡಿ 1,30,000 ಕಿಲೋಮೀಟರ್ ಓಡಿತ್ತು, ಕ್ಲಚ್ ಸವದಿತ್ತು. ನಮ್ಮವರು ಆನ್‌ಲೈನ್‌ನ್ಯಾಗ ಹುಡುಕಿ, ಕಂಪನಿ ಮಾಲಿನ ಅರ್ಧ ರೇಟಿಗೆ ಇಡೀ ಸೆಟ್ಟ ತರಸಿದ್ರು. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಸ್ಲೇವ್ ಸಿಲಿಂಡರು. ಅದರ ಜೋಡಿ ಗಾದಿಯಷ್ಟು ದಪ್ಪನ ಒಂದು ಕಾಲ್ತಳಗಿನ ಮ್ಯಾಟೂ ಬಂತು. ಗ್ಯಾರೇಜಿನವರು 2 ದಿನದಾಗ ಎಲ್ಲಾ ಕೂಡಿಸಿ ಕೊಟ್ರು. ಪೆಡಲ್ ಒತ್ತಿ ನೋಡಿದ್ರ ಬೆಣ್ಯಾಗ ಕಾಲಿಟ್ಟಂಗ! ನಮ್ಮವರಿಗೆ ಭಾಳ ಖುಷಿ. "ನೋಡು, ಹೆಂಗ ಹಗರ ಆಗೇದ" ಅಂದ್ರು. ನಂಗ ಅದು ಬರೋಬ್ಬರಿ ಅನಸಲಿಲ್ಲ. ಆ ಪೆಡಲ್ಲಿನ ತೂಕ ನನ್ನ ಕಾಲಿಗೆ ಆರು ವರ್ಷದಿಂದ ಗೊತ್ತದ. ಕೂಡಿಸಿದ್ದೆಲ್ಲಾ ಬರೋಬ್ಬರಿ ಇದ್ದಿದ್ರ ಅಷ್ಟು ಹಗರ ಆಗಬಾರದಿತ್ತು.

ಮೂರನೇ ದಿನದಿಂದ ಶುರು ಆತು. ರಿವರ್ಸ್ ಹಾಕಲಿಕ್ಕೆ ಹೋದ್ರ ಮಿಕ್ಸರ್‌ನ್ಯಾಗ ಚಮಚ ಬಿದ್ದಂಗ ಗರ್ರ್ ಅಂತ ಸಪ್ಪಳ. ಗಾಡಿ ಕಾಯ್ದ ಮ್ಯಾಲೆ ಸಿಗ್ನಲ್ಲಿನ್ಯಾಗ ಫಸ್ಟ್ ಗೇರೂ ಬೀಳವಲ್ದು. ಹಿಂದಿನವರು ಹಾರ್ನ್ ಹೊಡಿಯೋದು, ಅತ್ತಿಯವರು ಹಿಂದ "ಏನಾತವಾ?" ಅಂತ ಕೇಳೋದು.

ಗ್ಯಾರೇಜಿಗೆ ಒಯ್ದೆ. ಆ ಮನಷ್ಯಾ ನನಗೇನೂ ಹೇಳಲಿಲ್ಲ, ನಾ ಎದುರಿಗೆ ನಿಂತಿದ್ರೂ ನಮ್ಮವರಿಗೆ ಫೋನ್ ಹಚ್ಚಿ "ಅಕ್ಕಾರು ಕ್ಲಚ್ ಮ್ಯಾಲೆ ಕಾಲಿಟಗೊಂಡ ಹೊಡೀತಾರ್ರಿ ಸರ್, ಅದಕ್ಕ ಹಂಗ ಆಗೇದ" ಅಂದ. ನಾ ಕೇಳಿದೆ: "ತಮ್ಮಾ, ಕ್ಲಚ್ ಮ್ಯಾಲೆ ಕಾಲಿಟ್ಟ ಹೊಡದ್ರ ಪ್ಲೇಟ್ ಸವದು ಜಾರತದ, ಇಂಜಿನ್ ಕೂಗತದ ಗಾಡಿ ಓಡೂದಿಲ್ಲ. ಇಲ್ಲಿ ಕ್ಲಚ್ ಪೂರ್ತಿ ಬಿಡವಲ್ದು. ಎರಡೂ ಉಲ್ಟಾ ರೋಗ. ನನ್ನ ಕಾಲಿನಿಂದ ಎರಡನೇದು ಹೆಂಗ ಬರ್ತದ?" ಅದಕ್ಕ ಉತ್ತರ ಬರಲಿಲ್ಲ. ಆಮ್ಯಾಲೆ 3 ಸಲ ಗಾಳಿ ತಗದ್ರು, ಫರಕ್ ಇಲ್ಲ. ಪೆಡಲ್ ಹಿಂದಿನ ರಾಡು ತಿರಗಿಸಿ ಉದ್ದ ಮಾಡಿದ್ರು. ರಿವರ್ಸ್ ಒಂದೀಟು ಸುಧಾರಿಸಿತು, ಆದ್ರ ಮರುದಿನ ನವಲೂರ ಬ್ರಿಜ್ ಏರೂ ಮುಂದ ಇಂಜಿನ್ ಕೂಗಲಿಕ್ಕೆ ಹತ್ತಿತು, ಗಾಡಿ ಮಾತ್ರ ಎತ್ತಿನ ಗಾಡಿ ಆತು, ಸುಟ್ಟ ವಾಸನಿ ಬ್ಯಾರೆ. ಹಿಂದಿನ ಸೀಟಿನ್ಯಾಗ ಡಯಾಲಿಸಿಸ್ಸಿಗೆ ಹೊಂಟ ಮನಷ್ಯಾರು. ನನ್ನ ಕೈ ಹೆಂಗ ನಡಗಿದ್ವು ಅನ್ನೋದು ನನಗ ಗೊತ್ತು.

ಕಡೀಕೆ ಗ್ಯಾರೇಜಿನವರ ಮಾತು, "ಗೇರ್‌ಬಾಕ್ಸ್ ಇಳಿಸಿ ನೋಡಬೇಕು, 14,000 ರೂಪಾಯಿ, 4 ದಿನ ಗಾಡಿ ಬಿಡ್ರಿ." ರೊಕ್ಕ ಬ್ಯಾರೆ ಮಾತು. 4 ದಿನ ಅಂದ್ರ 2 ಡಯಾಲಿಸಿಸ್. ರಾಡು ಮೊದಲಿದ್ದಂಗ ಮಾಡಿಸಿಕೊಂಡು, ಗಾಡಿ ಮನಿಗೆ ತಂದೆ.

ಈ ಕ್ಲಚ್ಚಿನ ಒಳಗಿನ ಸಂಸಾರ ಒಂದೀಟು ಹೇಳ್ತೇನಿ, ಬ್ಯಾಸರ ಮಾಡಕೋಬ್ಯಾಡ್ರಿ. ಹಳೇ ಗಾಡ್ಯಾಗ ಪೆಡಲ್ಲಿಗೆ ತಂತಿ ಇರತಿತ್ತು, ಸೈಕಲ್ ಬ್ರೇಕಿನಂಗ. ಇದರಾಗ ತಂತಿ ಬದಲಿ ಎಣ್ಣಿ. ಪೆಡಲ್ ಒತ್ತಿದ್ರ ಮ್ಯಾಲಿನ ಮಾಸ್ಟರ್ ಸಿಲಿಂಡರ್ ಪಿಚಕಾರಿ ಹಂಗ ಎಣ್ಣಿ ದೂಡತದ. ಆ ಎಣ್ಣಿ ಪೈಪಿನ್ಯಾಗ ಹೋಗಿ ಗೇರ್‌ಬಾಕ್ಸ್ ಮಗ್ಗಲದ ಸ್ಲೇವ್ ಸಿಲಿಂಡರಿನ್ಯಾಗ ಇನ್ನೊಂದು ಪಿಸ್ಟನ್ ದೂಡತದ. ಅದು ಒಂದು ಫೋರ್ಕ್ ಒತ್ತತದ, ಫೋರ್ಕು ಬೇರಿಂಗ್ ಒತ್ತತದ, ಆವಾಗ ಇಂಜಿನ್ನಿಗೂ ಗೇರಿಗೂ ಇರೋ ಸಂಬಂಧ ಬಿಡತದ. ಎಣ್ಣಿ ಹಿಚುಕಿದ್ರ ಸಣ್ಣದಾಗೂದಿಲ್ಲ, ಅದಕ್ಕ ಈ ಕೆಲಸ ನಡೀತದ. ಗಾಳಿ ಹಿಚುಕಿದ್ರ ಸಣ್ಣ ಆಗತದ, ಅದಕ್ಕ ಪೈಪಿನ್ಯಾಗ ಗಾಳಿ ಸೇರಬಾರದು. ಮಗಳು ಹೈಸ್ಕೂಲಿನ್ಯಾಗ "ಪಾಸ್ಕಲ್ಲನ ನಿಯಮ" ಬಾಯಿಪಾಠ ಮಾಡಿದ್ಲಲ್ಲ, ಅದ ಇದು.

ಮೊದಲ ಮ್ಯಾಟ್ ತಗದು ಹೊರಗ ಒಗದೆ. ಹಂಗ್ಯಾಕ ಅಂದ್ರ, ಮ್ಯಾಟ್ ದಪ್ಪ ಇದ್ರ ಪೆಡಲ್ ನೆಲಕ್ಕ ಮುಟ್ಟೂಕಿನ ಮೊದಲ ಮ್ಯಾಟಿಗೆ ಮುಟ್ಟಿ ನಿಲ್ಲತದ. ಅದರಿಂದ ಒಂದೀಟು ಸುಧಾರಿಸಿತು, ಪೂರ್ತಿ ಅಲ್ಲ. ಆಮ್ಯಾಲೆ ಬಾನೆಟ್ ತಗದು ಎಣ್ಣಿ ಡಬ್ಬಿ ಹುಡುಕಿದೆ. ಎಣ್ಣಿ ಎಲ್ಲಿತನಕ ಅದ ಅಲ್ಲಿ ಹೊರಗಿನಿಂದ ಒಂದು ಟಿಕಳಿ ಹಚ್ಚಿದೆ. ನಗಬ್ಯಾಡ್ರಿ, ಪೆನ್ನಿನ ಗೆರಿ ಆ ಪ್ಲಾಸ್ಟಿಕ್ ಮ್ಯಾಲೆ ನಿಲ್ಲೂದಿಲ್ಲ, ಟಿಕಳಿ ನಿಲ್ಲತದ. 4 ದಿನ ನೋಡಿದೆ, ಎಣ್ಣಿ ಟಿಕಳಿ ಬಿಟ್ಟು ಇಳೀಲಿಲ್ಲ. ಪೆಡಲ್ ಮ್ಯಾಲಿನ ರಬ್ಬರ ಟೊಪಗಿ, ತಳಗ ಸ್ಲೇವಿನ ರಬ್ಬರು, ಎರಡೂ ಕಡೆ ಕೈ ಹಾಕಿ ಮುಟ್ಟಿದೆ, ಪಸಿ ಇಲ್ಲ. ಅಂದ್ರ ಹೊರಗ ಎಲ್ಲೂ ಸೋರವಲ್ದು.

ಇನ್ನ ಗಾಳಿ. ಪೆಡಲ್ ಮ್ಯಾಲಿಂದ ಮ್ಯಾಲೆ 4-5 ಸಲ ಒತ್ತಿ ಆಮ್ಯಾಲೆ ಗೇರ್ ಹಾಕಿದ್ರ ಸುಧಾರಿಸಿತು ಅಂದ್ರ ಪೈಪಿನ್ಯಾಗ ಗಾಳಿ ಅದ. ನಮ್ಮದರಾಗ ಎಷ್ಟು ಸಲ ಒತ್ತಿದ್ರೂ ಅಷ್ಟ. ಒತ್ತಿ ಹಿಡಕೊಂಡು ಮನಸಿನ್ಯಾಗ ಅರವತ್ತು ಎಣಿಸಿದೆ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಹೋಗಿದ್ರ ಪೆಡಲ್ ತಾನ ಸಾವಕಾಶ ತಳಗ ಕುಸಿತದ, ಡಬ್ಬ್ಯಾಗ ಎಣ್ಣಿ ಮಾತ್ರ ಕಮ್ಮಿ ಆಗೂದಿಲ್ಲ. ನಮ್ಮದು ಕುಸೀಲಿಲ್ಲ. ರಬ್ಬರಿನ ಪೈಪು ಕೈಯಾಗ ಹಿಡಕೊಂಡು ಮಗಳ ಕಡಿಂದ ಪೆಡಲ್ ಒತ್ತಿಸಿದೆ, ಉಬ್ಬವಲ್ದು. ಇಂಜಿನ್ ಬಂದ್ ಇದ್ದಾಗ ಐದೂ ಗೇರು, ರಿವರ್ಸು, ಎಲ್ಲಾ ತುಪ್ಪದಾಗ ಕೈ ಹಾಕಿದಂಗ ಬೀಳತಿದ್ವು. ಅಂದಮ್ಯಾಲೆ ಗೇರ್‌ಬಾಕ್ಸ್ ಯಾಕ ಇಳಸಬೇಕು? ಇಂಜಿನ್ ಚಾಲೂ ಇದ್ದು, ಪೆಡಲ್ ಪೂರ್ತಿ ಒತ್ತಿ, ಹತ್ತು ಎಣಿಸಿ ರಿವರ್ಸ್ ಹಾಕಿದ್ರೂ ಗರ್ರ್ ಅಂದ್ರ, ಕ್ಲಚ್ ಪೂರ್ತಿ ಬಿಡವಲ್ದು ಅಂತ ಅರ್ಥ. ಇದನ್ನ ಮಾಡೂ ಮುಂದ ಗಾಡಿ ಮುಂದ ಹಿಂದ ಯಾರೂ ನಿಂತಿರಬಾರದು, ಹ್ಯಾಂಡ್‌ಬ್ರೇಕ್ ಹಾಕಿರಬೇಕು.

ಉಳದದ್ದು ಒಂದ. ಸ್ಲೇವ್ ಪಿಸ್ಟನ್ ಎಷ್ಟು ದೂರ ಹೊರಗ ಬರ್ತದ? ಗಾಡಿ ಎತ್ತರ ಅದ, ಇಂಜಿನ್ ಬಂದ್ ಮಾಡಿ, ಚಕ್ರಕ್ಕ ಕಲ್ಲಿಟ್ಟು, ಹಳೇ ಚಾಪಿ ಹಾಸಿ ತಳಗ ಸರದೆ. (ಜ್ಯಾಕ್ ಮ್ಯಾಲೆ ಎತ್ತಿದ ಗಾಡಿ ತಳಗ ಮಾತ್ರ ಯಾರೂ ಹೋಗಬ್ಯಾಡ್ರಿ.) ಮಗಳ ಕಂಪಾಸ್ ಬಾಕ್ಸಿನ ಸ್ಕೇಲ್ ಹಿಡದು ಅಳದೆ, 11 ಮಿಲಿಮೀಟರ್. ಓಣ್ಯಾಗ ಹೋಗೋರು ನನ್ನ ಸೀರಿ ನೆರಗಿ ನೋಡಿ ಏನಾತಂತ ಬಗ್ಗಿ ಬಗ್ಗಿ ಕೇಳಿಕೋತ ಹೋದ್ರು.

ಹಳೇ ಸ್ಲೇವ್ ಸಿಲಿಂಡರ್ ಡಿಕ್ಯಾಗ ಪೇಪರಿನ್ಯಾಗ ಸುತ್ತಿ ಇಟ್ಟಿದ್ದೆ, ರದ್ದಿಯವಗ ಕೊಟ್ಟಿದ್ದಿಲ್ಲ. ಸಾಬೂನು ಹಚ್ಚಿ ತೊಳದು ಬಿಸಿಲಿಗೆ ಹಿಡದ್ರ ಮೈಮ್ಯಾಲೆ ಅಚ್ಚು ಕಾಣಸ್ತು, 3/4. ಮತ್ತ ತಳಗ ಸರದು ಹೊಸಾದರ ಮ್ಯಾಲೆ ಬ್ಯಾಟರಿ ಹಿಡದೆ, 13/16. ಹೊರಗಿನಿಂದ ಎರಡೂ ಅವಳಿ ಜವಳಿ, ಬೋಲ್ಟಿನ ತೂತು ಸುದ್ದಾ ಒಂದ. ಒಳಗಿನ ಕೊಳವಿ ಮಾತ್ರ ಒಂದು 19.05 ಮಿಲಿಮೀಟರ್, ಇನ್ನೊಂದು 20.64.

ಒಂದೂವರಿ ಮಿಲಿಮೀಟರಿಗೆ ಏನ ಆಗ್ತದ ಅಂತೀರಿ? ಒಂದು ಫುಲಪಾತ್ರಿ ಹಾಲು ಸಣ್ಣ ಬಾಯಿ ತಂಬಗಿಗೆ ಸುರೀರಿ, ಎತ್ತರಕ್ಕ ಏರತದ. ಅಷ್ಟ ಹಾಲು ಅಗಲ ಪಾತೇಲಿಗೆ ಸುರದ್ರ ತಳದಾಗ ಉಳೀತದ. ನನ್ನ ಕಾಲು ದೂಡೋ ಎಣ್ಣಿ ಅಷ್ಟ, ಕೊಳವಿ ಅಗಲ ಆತು, ಪಿಸ್ಟನ್ ಮುಂದ ಹೋಗೋದು ಕಮ್ಮಿ ಆತು. ಬಾಯಿಯ ಕ್ಷೇತ್ರಫಲ ಲೆಕ್ಕ ಮಾಡಿದ್ರ ಹೊಸಾದು 17 ಪರ್ಸೆಂಟ್ ದೊಡ್ಡದು. ಹಳೇದು 13 ಮಿಲಿಮೀಟರ್ ದೂಡತಿದ್ರ ಹೊಸಾದು 11 ದೂಡತದ. ಅಗಲದ ಮೇಲೆ ಎಣ್ಣಿ ಜೋರಾಗಿ ಒತ್ತತದ, ಅದಕ್ಕ ಪೆಡಲ್ ಬೆಣ್ಣಿ ಹಂಗ ಅನಸತಿತ್ತು. ಹಗರ ಆದ ಪಾಲು ದೂರದಾಗ ಕಳದಿತ್ತು. ಇದಕ್ಕ ಎಷ್ಟು ಸಲ ಗಾಳಿ ತಗದ್ರೇನು, ಒಳಗ ಗಾಳಿನ ಇದ್ದಿದ್ದಿಲ್ಲ. ರಾಡು ಉದ್ದ ಮಾಡಿದ್ದು ಯಾಕ ತ್ರಾಸ ಕೊಟ್ಟಿತು ಅಂದ್ರ, ಪೆಡಲ್ ಬಿಟ್ಟಾಗ ಎಣ್ಣಿ ಡಬ್ಬಿಗೆ ವಾಪಸ್ ಹೋಗಲಿಕ್ಕೆ ಮಾಸ್ಟರಿನ್ಯಾಗ ಒಂದು ಸಣ್ಣ ತೂತು ಇರ್ತದ. ರಾಡು ಪಿಸ್ಟನ್ನಿಗೆ ಹತ್ತಿಕೊಂಡ ನಿಂತ್ರ ಆ ತೂತು ತೆರಿಯೂದಿಲ್ಲ. ಬಿಸಿಗೆ ಎಣ್ಣಿ ಹಿಗ್ಗಿ, ಯಾರೂ ಕಾಲಿಡದಿದ್ರೂ ಕ್ಲಚ್ ಅರ್ಧ ಒತ್ತಿದಂಗ ಆಗತದ. ಅದಕ್ಕ ಪೆಡಲ್ಲಿಗೆ ಮೊದಲ ಒಂದೀಟು ಸಡಿಲ ಇರಲೇಬೇಕು, ಬೆರಳಿನಿಂದ ಒತ್ತಿದ್ರ ಗೊತ್ತಾಗತದ.

ನಮ್ಮವರಿಗೆ ಎರಡೂ ಅಚ್ಚಿನ ಫೋಟೋ ಕಳಿಸಿದೆ. ಅರ್ಧಾ ತಾಸು ಆದಮ್ಯಾಲೆ "ಹೌದಲ್ಲ" ಅಂತ ಮೂರು ಅಕ್ಷರ ಬಂತು. ಅವರ ಮಟ್ಟಿಗೆ ಅದು ಭಾಳ ದೊಡ್ಡ ಮಾತು.

ಹುಬ್ಬಳ್ಳ್ಯಾಗ ಅತ್ತಿಯವರನ್ನ ಮಷೀನಿಗೆ ಹಚ್ಚಿದ ಮ್ಯಾಲೆ ನನಗ 4 ತಾಸು ಖಾಲಿನ ಇರ್ತದಲ್ಲ, ಹಳೇ ಸಿಲಿಂಡರ್ ಪಿಶವ್ಯಾಗ ಹಾಕ್ಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವರು "ಯಾವ ಗಾಡಿ" ಅಂತ ಕೇಳಿ ಒಂದು ಡಬ್ಬಿ ತಂದ್ರು. ನಾ ಡಬ್ಬಿ ಒಡಿಸಿ, ಅಚ್ಚು ಓದಿ, 3/4 ಅಂತ ನೋಡಿ ರೊಕ್ಕ ಕೊಟ್ಟೆ. ಹೊರಗಿನ ಚೀಟಿ ನಂಬಬ್ಯಾಡ್ರಿ.

ರವಿವಾರ ನಮ್ಮವರು ತಳಗ ಸರದು ಬೋಲ್ಟ್ ಹಾಕಿದ್ರು. ಈ ಸಲ ಖರೇನ ಗಾಳಿ ತಗೀಬೇಕಿತ್ತು, ಪೈಪ್ ಬಿಚ್ಚಿದ ಮ್ಯಾಲೆ ಗಾಳಿ ಹೊಕ್ಕ ಹೊಗತದ. ಡಬ್ಬಿ ಮುಚ್ಚಳದ ಮ್ಯಾಲೆ ಬರದಿದ್ದ ಡಾಟ್ 3 ಎಣ್ಣಿ, ಸೀಲ್ ಇದ್ದ ಹೊಸಾ ಬಾಟ್ಲಿ ತಂದಿದ್ದೆ. ಈ ಎಣ್ಣಿ ಮಳಗಾಲದ ಉಪ್ಪಿನಂಗ ಗಾಳ್ಯಾಗಿನ ನೀರು ಹೀರತದ, ಒಡದ ಬಾಟ್ಲಿ ವರ್ಷಗಟ್ಟಲೆ ಇಟ್ಟು ಹಾಕಬಾರದು. ಇಂಜಿನ್ ಆಯಿಲ್ ಸುರದ್ರಂತೂ ರಬ್ಬರೆಲ್ಲಾ ಉಬ್ಬಿ ಸತ್ಯಾನಾಶ. ಬಣ್ಣಕ್ಕ ಬಿದ್ರ ಬಣ್ಣ ಸುಲೀತದ, ಕೂಡ್ಲೆ ನೀರು ಹಾಕಿ ತೊಳೀರಿ.

ಪೆಡಲ್ ಒತ್ತಲಿಕ್ಕೆ ಎದುರು ಮನಿ ವೈನಿಯವರನ್ನ ಕರದೆ. ಸ್ಲೇವಿನ ಮ್ಯಾಲಿನ ನಿಪ್ಪಲ್ಲಿಗೆ ಪಾರದರ್ಶಕ ನಳಗಿ, ಅದರ ತುದಿ ಎಣ್ಣಿ ಇದ್ದ ಬಾಟ್ಲ್ಯಾಗ. ನಮ್ಮವರು ತಳಗಿನಿಂದ "ಒತ್ತ್ರಿ" ಅನ್ನೋದು, ವೈನಿ ಒತ್ತಿ ಹಿಡದು "ಒತ್ತೇನಿ" ಅನ್ನೋದು, ಇವರು ನಿಪ್ಪಲ್ ಸಡಿಲಿಸಿ, ಗುಳ್ಳಿ ಬಂದ ಕೂಡ್ಲೆ ಬಿಗದು "ಬಿಡ್ರಿ" ಅನ್ನೋದು. ನಿಪ್ಪಲ್ ಬಿಗಿಯೂಕಿನ ಮೊದಲ ಕಾಲ ಬಿಟ್ರ ಗಾಳಿ ಮತ್ತ ಒಳಗ. ನಾನು ಮ್ಯಾಲೆ ಎಣ್ಣಿ ಡಬ್ಬಿ ಖಾಲಿ ಆಗದಂಗ ತುಂಬಸಕೋತ ನಿಂತೆ. ಹದಿನೈದು ಸಲ ಆದಮ್ಯಾಲೆ ಗುಳ್ಳಿ ನಿಂತ್ವು. ಅಳದ್ರ 13 ಮಿಲಿಮೀಟರ್. ರಿವರ್ಸ್ ಸಪ್ಪಳಿಲ್ಲದ ಬಿತ್ತು. ಪೆಡಲ್ಲಿಗೆ ಹಳೇ ತೂಕ ಬಂತು.

ಮಂಗಳವಾರ ನವಲೂರ ಬ್ರಿಜ್ ಏರಿ ಇಳದ್ರೂ ಅತ್ತಿಯವರಿಗೆ ಎಚ್ಚರಾಗಲಿಲ್ಲ. ಮಾರಿದವರು ತಪ್ಪು ಸಿಲಿಂಡರ್ ವಾಪಸ್ ತಗೊಳ್ಳಲಿಲ್ಲ, ದಿನಾ ಮೀರಿದ್ವಂತ. ಅದೀಗ ಹಿತ್ತಲ ಬಾಗಿಲಿಗೆ ಒತ್ತು ಕೊಡಲಿಕ್ಕೆ ಅದ. ಬರೋ ರವಿವಾರ ಬ್ರೇಕಿನ ಎಣ್ಣಿ ಬದಲಿ ಮಾಡೂದದ, ಅದಕ್ಕೂ ಪೆಡಲ್ ಒತ್ತೋರು ಬೇಕು. ವೈನಿ ಬರ್ತೇನಿ ಅಂದಾರ, ಈ ಸಲ ತಾವು ತಳಗ ಸರೀತಾರಂತ.