ತೇಲಿದ ಕಾಳು

ಮೊನ್ನೆ ಅಕ್ಕನ ಮಗಳು ತಾಂಡವಪುರಕ್ಕೆ ನಮ್ಮ ಮನೆಗೆ ಬಂದಿದ್ದಳು. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. ಸಾವಿರಾರು ವರ್ಷ ಹಿಂದಿನ ಸುಟ್ಟ ಕಾಳುಗಳನ್ನು ಗುರುತಿಸುವ ವಿದ್ಯೆ ಕಲಿಯಬೇಕಂತೆ. "ಮಾವ, ಅಮ್ಮನಿಗೆ ನೀನೇ ಹೇಳ್ಬೇಕು" ಅಂದಳು. ಅಕ್ಕನದು ಒಂದೇ ಪ್ರಶ್ನೆ: "ಸುಟ್ಟ ಕಾಳು ನೋಡಿದ್ರೆ ಹೊಟ್ಟೆ ತುಂಬ್ತದಾ?"

ನನಗೂ ಇದೆಲ್ಲ ಹೊಸದು. ಹುಡುಗಿಯೇ ಪಾಠ ಮಾಡಿದಳು. ಸುಟ್ಟು ಇದ್ದಿಲಾದ ಕಾಳು ಕೊಳೆಯುವುದಿಲ್ಲ. ಅಗೆದ ಜಾಗದ ಒಲೆ, ಬೂದಿಗುಂಡಿಗಳ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ, ಕಾಳು ತೇಲುತ್ತದೆ. ಅದನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಇವತ್ತಿನ ಕಾಳುಗಳ ಜೊತೆ ಹೋಲಿಸುತ್ತಾರೆ. ನಮ್ಮಜ್ಜಿ ಹುರುಳಿ ತೊಳೆಯುವಾಗ ತೇಲಿದ್ದನ್ನೆಲ್ಲ ಚೆಲ್ಲುತ್ತಿದ್ದಳು... ಇವರು ಅದನ್ನೇ ಎತ್ತಿಟ್ಟುಕೊಳ್ಳುತ್ತಾರೆ!

ಮುದ್ದೆ ತಿಂದು ಬೆಳೆದ ನಾನು ರಾಗಿ ಆದಿಯಿಂದಲೂ ನಮ್ಮದೇ ಅಂದುಕೊಂಡಿದ್ದೆ. ಅದು ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಬಂದ ಬೆಳೆಯಂತೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗದ ರಾಗಿ ಸಿಕ್ಕಿದೆ ಎಂದು ಲಖನೌದ ವಿಷ್ಣು ಮಿತ್ರೆ 1971ರಲ್ಲಿ ಹೇಳಿದ್ದರು. ಮುಂದೆ ಲಂಡನ್ನಿನ ಡೋರಿಯನ್ ಫುಲ್ಲರ್ ಇಂಥ ಹಳೆಯ ಗುರುತುಗಳನ್ನು ಮತ್ತೆ ಪರಿಶೀಲಿಸಿ, ಹೆಚ್ಚಿನವು ಬೇರೆ ಸಿರಿಧಾನ್ಯಗಳಿರಬೇಕು ಎಂದರು. ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರ ಜೊತೆ ಬಳ್ಳಾರಿಯ ಸಂಗನಕಲ್ಲು ಮುಂತಾದ ಕಡೆ ಅವರು ಮಣ್ಣು ತೇಲಿಸಿದಾಗ ಮುಖ್ಯವಾಗಿ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಅಜ್ಜಿಯ ಹುರುಳಿಸಾರಿಗೆ ಮುದ್ದೆಗಿಂತ ವಯಸ್ಸು ಜಾಸ್ತಿ!

ನಮ್ಮ ಪಕ್ಕದ ಟಿ. ನರಸೀಪುರದಲ್ಲೂ ಎಂ. ಶೇಷಾದ್ರಿಯವರು ನವಶಿಲಾಯುಗದ ನೆಲೆಯೊಂದನ್ನು ಅಗೆಸಿದ್ದರು. ವರದಿ ಬಂದದ್ದು 1971ರಲ್ಲಿ. ಅಗೆದ ಕಾಲಕ್ಕೆ ಈ ತೇಲಿಸುವ ಪದ್ಧತಿ ಇನ್ನೂ ಹರಡಿರಲಿಲ್ಲ. "ಆ ಹೊಳೆದಂಡೆಯವರು ಏನು ಉಣ್ತಿದ್ರು ಅಂತ ನೋಡ್ಬೇಕು ಮಾವ" ಅಂದಳು. ಆಗ ಅವಳ ಮುಖ ನೋಡಬೇಕಿತ್ತು.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಸುಳ್ಳು ಹೇಳಲಿಲ್ಲ. ಪುಣೆಯ ಡೆಕ್ಕನ್ ಕಾಲೇಜು, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ... ಇಂಥ ಕೆಲವೇ ಜಾಗಗಳು, ಕೆಲಸ ಸಿಗುವುದು ಕಷ್ಟ, ಕಣ್ಣು ಸೋಲುತ್ತದೆ ಎಂದೆ. ಹತ್ತು ವರ್ಷ ಕೂತು ಬರೆದದ್ದನ್ನು ಇನ್ನೊಬ್ಬರು ಬಂದು ತಪ್ಪು ಅನ್ನಬಹುದು ಅಂತಲೂ ಹೇಳಿದೆ. ಆದರೆ ರಾಜರ ಕಥೆಗೆ ಶಾಸನವಿದೆ ಅಕ್ಕ, ಒಲೆ ಮುಂದೆ ಕೂತವರ ಕಥೆಗೆ ಈ ಕಾಳು ಬಿಟ್ಟರೆ ಇನ್ನೇನಿದೆ ಎಂದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪುಣೆಲಿ ಮುದ್ದೆ ಸಿಗ್ತದಾ?" ಅಂದಳು.