ಏನೂ ಆಗಲ್ಲ ಪುಟ್ಟಾ

ಮಗಳ ಟಾನ್ಸಿಲ್ ಆಪರೇಷನ್ನಿಗೆ ಥಿಯೇಟರಿನೊಳಗೆ ನಾನೂ ಬರುತ್ತೇನೆಂದು ಅರಿವಳಿಕೆ ವೈದ್ಯರೊಂದಿಗೆ ಹಟ ಹಿಡಿದೆ. ಅವರು ನನ್ನ ಮುಖ ನೋಡಿ, "ಇವಳಪ್ಪ ಬಂದರೆ ಆಗದಾ?" ಎಂದರು. ಅವಮಾನವೆನಿಸಿತು. ಹೆತ್ತವಳನ್ನು ಬಿಟ್ಟು ಬೇರೆಯವರೇ?

ಗೌನು, ಟೋಪಿ, ಮಾಸ್ಕ್ ತೊಟ್ಟ ಮೇಲೆ ಮಗುವಿಗೆ ನನ್ನಲ್ಲಿ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಅದರಲ್ಲೋ ನೀರು. ಮಾನಿಟರಿನ ಬಣ್ಣದ ಗೆರೆಗಳನ್ನು ನೋಡುತ್ತ ತನ್ನ ಪಾಡಿಗೆ ಮಲಗಿದ್ದವಳು, "ಏನೂ ಆಗಲ್ಲ ಪುಟ್ಟಾ, ಏನೂ ಆಗಲ್ಲ" ಎಂಬ ನನ್ನ ನಡುಗುವ ದನಿ ಕೇಳಿ ತಿರುಗಿದಳು. ಏನೋ ಆಗಲಿದೆ ಎಂದು ಆಗಲೇ ಅವಳಿಗೆ ಗೊತ್ತಾದದ್ದು. ಡಾಕ್ಟರ್ ಮಾಮ ಬರೀ ಗಂಟಲು ನೋಡ್ತಾರೆ ಎಂದು ಹಿಂದಿನ ರಾತ್ರಿ ನಾನು ಸುಳ್ಳು ಬೇರೆ ಹೇಳಿದ್ದೆ. ಗ್ಯಾಸಿನ ಮಾಸ್ಕ್ ಕಿತ್ತೆಸೆದಳು. ಕೈಕಾಲು ಹಿಡಿದುಕೊಳ್ಳಬೇಕಾಯಿತು. ಅರಚುತ್ತಲೇ ನಿದ್ದೆಗೆ ಹೋದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಬಹಳ ಕಾಲ ಬಿಳಿ ಕೋಟು ಕಂಡರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದಳು.

ಆಮೇಲೆ ಓದಿದೆ. ಅಮೆರಿಕದ ಅರಿವಳಿಕೆ ತಜ್ಞ ಜೀವ್ ಕೇನ್ ಮತ್ತು ಸಂಗಡಿಗರು 1998ರಲ್ಲೇ, ಮಗುವಿನ ಗಾಬರಿ ಇಳಿಸಲು ತಂದೆತಾಯಿ ಜೊತೆಗಿರುವುದಕ್ಕಿಂತ ಮೊದಲೇ ಕುಡಿಸುವ, ಮಂಪರು ತರಿಸುವ ಮಿಡಾಜೋಲಮ್ ಸಿರಪ್ ಮೇಲೆಂದು ತೋರಿಸಿದ್ದರು. 2006ರಲ್ಲಿ ಅವರು ಕಂಡದ್ದು ನನ್ನನ್ನೇ ನೋಡಿ ಬರೆದಂತಿತ್ತು: ಗಾಬರಿಯ ಮಗುವಿಗೆ ಸಮಾಧಾನದ ಪೋಷಕರಿಂದ ಉಪಯೋಗವುಂಟು, ಸಮಾಧಾನದ ಮಗುವಿನ ಜೊತೆ ಗಾಬರಿಯ ಪೋಷಕರು ಹೋದರೆ ಮಗುವೂ ಗಾಬರಿಯಾಗುತ್ತದೆ. ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಡಿ ಎಂದು ಬ್ರಿಟನ್ನಿನ ಪ್ಲಾಟ್ ವರದಿ 1959ರಲ್ಲಿ ಹೇಳಿದ್ದು ನಿಜ, ಅದು ಬೇಕಾಗಿಯೂ ಇತ್ತು. ಆದರೆ ಆ ವಾರ್ಡಿನ ಹಕ್ಕನ್ನು ನಾನು ಮಾಸ್ಕ್ ಹಾಕುವ ಎರಡು ನಿಮಿಷಕ್ಕೂ ಎಳೆದು ತಂದಿದ್ದೆ. ನಿಜ ಹೇಳಬೇಕೆಂದರೆ ನಾನು ಒಳಗೆ ಹೋಗುವುದು ಬೇಕಾಗಿದ್ದದ್ದು ನನಗೆ, ಅವಳಿಗಲ್ಲ.

ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಬಂದರೆ, ಯಾರ ದನಿ ನಡುಗುವುದಿಲ್ಲವೋ ಅವರನ್ನು ಕಳಿಸಿ. ಅಪ್ಪನೋ ಅಜ್ಜಿಯೋ, ಯಾರಾದರೂ ಸರಿ. ಮಾಸ್ಕ್ ಹಾಕ್ತಾರೆ, ಒಂಥರಾ ವಾಸನೆ ಬರುತ್ತೆ, ನಿದ್ದೆ ಬರುತ್ತೆ, ಎದ್ದಾಗ ಗಂಟಲು ನೋಯುತ್ತೆ, ನಾವು ಅಲ್ಲೇ ಇರ್ತೀವಿ ಎಂದು ಮಗುವಿಗೆ ಮೊದಲೇ ಹೇಳಿ. ಯಾರಿಗೂ ಧೈರ್ಯವಿಲ್ಲದಿದ್ದರೆ, ನಿಮ್ಮ ಮಗುವಿಗೆ ಸಿರಪ್ ಕೊಡಬಹುದೇ ಎಂದು ವೈದ್ಯರನ್ನು ಮುಂಚೆಯೇ ಕೇಳಿ. ಅದು ಕೆಲಸ ಮಾಡಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಥಿಯೇಟರಿನ ಬಾಗಿಲಲ್ಲಿ ನೆನಪಾದರೆ ಹೊತ್ತು ಮೀರಿರುತ್ತದೆ.